ಗಾಳಿ ಇಲ್ಲ ಎಂದು ಹೇಳಿದ ಬೆಳಿಗ್ಗೆ

ಕಡ್ಡಿ ಗೀರಿದವನು ಬಸಪ್ಪಣ್ಣ. ಗೀರಲು ಹೇಳಿದ್ದು ರೇಂಜರ್ ಸಾಹೇಬರ ದನಿ. ಆದರೆ ಆ ಬೆಳಿಗ್ಗೆ ಸಾಹೇಬರು ದಿಂಬದ ಘಾಟಿಯ ಕೆಳಗೆ ಎಲ್ಲೋ ಜೀಪಿನಲ್ಲಿದ್ದರು. ಅವರ ದನಿ ಮಾತ್ರ ನನ್ನ ಗಂಟಲಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳಿದರೆ ನನ್ನನ್ನು ಬೈಯಲು ನೀವು ಅಲ್ಲಿಯವರೆಗೂ ಕಾಯಬೇಕಾಗುತ್ತದೆ. ನನಗೆ ಬೈಸಿಕೊಂಡು ಅಭ್ಯಾಸ, ಬೇಗ ಮುಗಿದರೆ ಸಾಕು.

ಮೊನ್ನೆ ಸಂಜೆ ಚಾಮರಾಜನಗರದ ಬಸ್ಸು ಗೆಟ್ಟವಾಡಿ ದಾಟುತ್ತಿದ್ದ ಹಾಗೆ ಕಿಟಕಿಯಿಂದ ಸುಟ್ಟ ಲಂಟಾನದ ವಾಸನೆ ಒಳಗೆ ಬಂತು. ಬರೀ ಹುಲ್ಲು ಸುಟ್ಟ ವಾಸನೆ ಬೇರೆ, ಲಂಟಾನದ್ದು ಬೇರೆ. ಇದು ಮೂಗಿಗೆ ಸಿಹಿ, ಗಂಟಲಿಗೆ ಇಳಿದ ಮೇಲೆ ಕಹಿ. ಆ ಹೊತ್ತಿನಲ್ಲಿ ನಾನು ಪಕ್ಕದ ಸೀಟಿನವರಿಗೆ ಕಂಡಕ್ಟರನ ದನಿ ಮಾಡಿ ತೋರಿಸುತ್ತಿದ್ದೆ. ಕಂಡಕ್ಟರನೇ ನಿಂತು ಕೇಳುತ್ತಿದ್ದ. ಅರ್ಧಕ್ಕೆ ನಿಲ್ಲಿಸಿ ಕಿಟಕಿಯ ಕಡೆ ತಿರುಗಿದೆ.

"ಯಾಕ್ಲಾ ಗಿಣಿ, ಬ್ಯಾಟ್ರಿ ಓಯ್ತ?" ಎಂದರು ಪಕ್ಕದವರು.

ಗಿಣಿ ಎಂದರೆ ನಾನು. ಊರು ಇಟ್ಟ ಹೆಸರು. ಅಪ್ಪ ಇಟ್ಟದ್ದು ಮಾದೇಶ, ಅದು ರೇಷನ್ ಕಾರ್ಡಿಗೆ ಮಾತ್ರ ಉಪಯೋಗ. ಈಗ ಚಾಮರಾಜನಗರದಲ್ಲಿ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಜವಳಿ ಅಂಗಡಿಗಳ ರಿಯಾಯಿತಿ ಕೂಗುತ್ತೇನೆ. ಗಂಟಲಿನಿಂದಲೇ ಅನ್ನ. ಆದರೆ ಈ ಗಂಟಲು ಒಂದು ಬೇಸಿಗೆ ಪೂರ್ತಿ ಬೇರೆಯವರ ದನಿಯನ್ನು ಮುಟ್ಟಲಿಲ್ಲ. ಎರಡು ಸಾವಿರದ ಆರರ ಬೇಸಿಗೆ.

ಆಗ ನಾನು ಗಡಿಯ ಆಚೆ, ತಮಿಳುನಾಡಿಗೆ ಸೇರಿದ ನಮ್ಮೂರು ದೊಡ್ಡಗಾಜನೂರಿನಲ್ಲಿ ಪ್ಲಸ್ ಟು ಫೇಲಾಗಿ ಕೂತಿದ್ದೆ. ಇಂಗ್ಲಿಷ್ ಮೇಷ್ಟರ ದನಿ ನನಗೆ ಅಚ್ಚುಕಟ್ಟಾಗಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆ ಮಳೆ ನಂಬಿದ ಹೊಲದಲ್ಲಿ ಕೆಲಸವಿರುವುದಿಲ್ಲ. ಹುರುಳಿ ಬಡಿದು, ರಾಗಿ ಹುಲ್ಲನ್ನು ಮೆದೆ ಒಟ್ಟಿ ಮುಗಿಸಿದರೆ ಮೊದಲ ಮಳೆಯವರೆಗೆ ಆಕಾಶ ನೋಡುವುದೇ ಬೇಸಾಯ. ಆ ಮೂರು ತಿಂಗಳು ಕಾಡಿನ ಬೆಂಕಿ ಕಾಯಲು ದಿನಗೂಲಿಗೆ ಜನ ತೆಗೆದುಕೊಳ್ಳುತ್ತಿದ್ದರು. ಅಪ್ಪ ನನ್ನನ್ನು ಬಸಪ್ಪಣ್ಣನ ಕೈಗೆ ಒಪ್ಪಿಸಿ, "ಇವ್ನ ಬಾಯಿ ಕಾಡ್ಗಾರೂ ಉಪ್ಯೋಗ ಆಗ್ಲಿ ಕಣಪ್ಪ" ಎಂದ.

ಬಸಪ್ಪಣ್ಣ ನಮ್ಮ ತಂಡದ ಮೇಸ್ತ್ರಿ. ಐವತ್ತರ ಹತ್ತಿರದ ಆಳು, ಹಣೆಯಲ್ಲಿ ಮೂರು ಬೆರಳು ವಿಭೂತಿ, ಸೊಂಟದಲ್ಲಿ ಒಂದು ಕುಡುಗೋಲು. ನಗುವುದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನಂತೂ ನೋಡಿರಲಿಲ್ಲ. ತಂಡದಲ್ಲಿ ಇನ್ನಿಬ್ಬರು ಗೆಟ್ಟವಾಡಿಯ ಅಣ್ಣತಮ್ಮಂದಿರು. ಇಬ್ಬರೂ ಸೇರಿ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ನಾಲ್ಕೂ ನನಗೆ ಬೈಗುಳವೇ.

ನಮ್ಮ ಪಾಲಿಗೆ ಬಂದದ್ದು ಹಾಸನೂರು ಕಡೆಯ ಕಾಡು ಹೊಲಗಳಿಗೆ ತಾಗುವ ಒಂದು ದಿಣ್ಣೆ. ದಿಣ್ಣೆಯ ಮೇಲೆ ನಾಲ್ಕೈದು ಮನೆ, ಒಂದಿಷ್ಟು ಹೊಲ. ಹೊಲದ ಅಂಚಿನಿಂದ ಕಾಡು ಜಾರಿಕೊಂಡು ಕಣಿವೆಗೆ ಇಳಿಯುತ್ತದೆ. ಹೊಲಕ್ಕೂ ಕಾಡಿಗೂ ನಡುವೆ ನಾವು ಎಂಟು ಹೆಜ್ಜೆ ಅಗಲಕ್ಕೆ ಹುಲ್ಲು, ಪೊದೆ ಎಲ್ಲ ಕೆತ್ತಿ ಬರಿ ಮಣ್ಣು ಮಾಡಿದ್ದೆವು. ಅದೇ ಬೆಂಕಿ ಲೈನು. ಕೆತ್ತಿದರೆ ಮುಗಿಯಲಿಲ್ಲ. ಲೈನಿನ ಕೆಳಗೆ ಕಾಡಿನ ಕಡೆ ಇರುವ ಒಣ ಹುಲ್ಲನ್ನು ನಾವೇ ಹದವಾಗಿ ಸುಟ್ಟು ಕಪ್ಪು ಪಟ್ಟಿ ಮಾಡಬೇಕು. ನಾಳೆ ಕಣಿವೆಯಿಂದ ಬೆಂಕಿ ಎದ್ದು ಮೇಲೆ ಬಂದರೆ ಅದಕ್ಕೆ ತಿನ್ನಲು ಏನೂ ಸಿಗಬಾರದು.

ಈ ಸುಡುವ ಕೆಲಸಕ್ಕೆ ಗಾಳಿಯ ಅಪ್ಪಣೆ ಬೇಕು. ಬೆಳಗಿನ ಜಾವದಲ್ಲಿ ತಣ್ಣನೆ ಗಾಳಿ ದಿಣ್ಣೆಯಿಂದ ಕಣಿವೆಗೆ ಇಳಿಯುತ್ತದೆ, ಬೆಂಕಿಯೂ ತಲೆ ತಗ್ಗಿಸಿ ಕೆಳಕ್ಕೆ ಸರಿಯುತ್ತದೆ. ಬಿಸಿಲು ಏರಿ ಕಣಿವೆ ಕಾದರೆ ಅದೇ ಗಾಳಿ ತಿರುಗಿ ಮೇಲಕ್ಕೆ ನುಗ್ಗುತ್ತದೆ. ಆಮೇಲೆ ಬೆಂಕಿ ಮನುಷ್ಯರ ಮಾತು ಕೇಳುವುದಿಲ್ಲ. ಲೈನು ಪೂರ್ತಿ ಸುಟ್ಟು ಕೆಂಡ ಆರಿಸುವಷ್ಟರಲ್ಲಿ ಮಧ್ಯಾಹ್ನ ಆಗುತ್ತದೆ, ಅಲ್ಲಿಯವರೆಗೆ ಗಾಳಿ ತಿರುಗಬಾರದು. ಯಾವ ದಿನ ಗಾಳಿ ಎಷ್ಟು ಗಂಟೆಗೆ ತಿರುಗುತ್ತದೆ ಎಂಬುದು ರೇಂಜರ್ ಸಾಹೇಬರಿಗೆ ಕಾಗದದಲ್ಲಿ ಬರುತ್ತಿತ್ತು. ದಿನಾ ಬೆಳಿಗ್ಗೆ ಏಳಕ್ಕೆ ಅವರು ವಾಕಿಟಾಕಿಯಲ್ಲಿ ಅದನ್ನು ಓದಿ ಹೇಳುತ್ತಿದ್ದರು. ನಮ್ಮ ತಂಡಕ್ಕೆ ಎರಡು ವಾಕಿ. ಒಂದು ಲೈನಿನಲ್ಲಿ ಬಸಪ್ಪಣ್ಣನ ಹತ್ತಿರ, ಇನ್ನೊಂದು ದಿಣ್ಣೆಯ ನೆತ್ತಿಯ ಬಂಡೆಯ ಮೇಲೆ ಹೊಗೆ ನೋಡುತ್ತಾ ಕೂತ ನನ್ನ ಹತ್ತಿರ. ಮಾತಿಲ್ಲದ ಕೆಲಸ ಎಂದು ನನಗೆ ಆ ಜಾಗ ಕೊಟ್ಟಿದ್ದರು. ಕೈಗೆ ವಾಕಿಯನ್ನೂ ಕೊಟ್ಟಿದ್ದರು. ಇದು ಯಾರ ತಪ್ಪು, ನೀವೇ ಹೇಳಿ.

ಸಾಹೇಬರು ಈರೋಡಿನ ಬಯಲು ಕಡೆಯವರು. ಮನೆಮಾತು ತಮಿಳು, ನಮ್ಮ ಜೊತೆ ಅರ್ಧ ಕನ್ನಡ. ಮೊದಲು ಎರಡು ಸಲ ಗಂಟಲು ಕೆರೆಯುತ್ತಿದ್ದರು, ಕಲ್ಲಿನ ಮೇಲೆ ಡಬ್ಬ ಎಳೆದ ಹಾಗೆ. ಆಮೇಲೆ, "ಎಲ್ಲಾರೂ ಕೇಳುಂಗೋ. ಬಿಸಿಲು ಜಾಸ್ತಿ. ಮಳೆ ಇಲ್ಲೆ. ಹತ್ತು ಗಂಟೆ ಮೇಲೆ ಕಾತ್ತು. ಲೈನ್ ಸುಡಬೇಡಿ. ಸರಿಂಗಳಾ? ಓವರ್." ಕಾತ್ತು ಎಂದರೆ ಗಾಳಿ. ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಅಷ್ಟು ತಮಿಳು ಗೊತ್ತು.

ಆ ವರ್ಷ ಹತ್ತು ದಿನ ಬಿಡದೆ ಅದೇ ವರದಿ. ಮಳೆ ಇಲ್ಲೆ, ಕಾತ್ತು, ಸುಡಬೇಡಿ. ಲೈನು ಕೆತ್ತಿ ಬಿದ್ದಿತ್ತು, ಅದರ ಕೆಳಗೆ ಎದೆಮಟ್ಟದ ಹುಲ್ಲು ದಿನದಿನಕ್ಕೂ ಒಣಗಿ ಗಾಜಿನ ಹಾಗೆ ಸದ್ದು ಮಾಡುತ್ತಿತ್ತು. ಕರ್ನಾಟಕದ ಕಡೆಯ ಬೆಟ್ಟಗಳಲ್ಲಿ ಒಂದು ಹೊಗೆ, ಮಾರನೇ ದಿನ ಎರಡು. ದನ ಮೇಯಿಸುವವನು ಯಾರಾದರೂ ಒಂದು ಬೀಡಿ ಎಸೆದರೆ ಮುಗಿಯಿತು. ಕಾಡಿನಿಂದ ಬೆಂಕಿ ಮೇಲೆ ಬಂದರೆ ಮೊದಲು ಸಿಗುವುದು ಗೌರಮ್ಮತ್ತೆಯ ಹಿತ್ತಲು.

ಗೌರಮ್ಮತ್ತೆ ಬಸಪ್ಪಣ್ಣನ ಅಕ್ಕ. ಗಂಡ ಸತ್ತ ಮೇಲೆ ಹೊಲ ತಾನೇ ನಡೆಸುವವಳು. ಎರಡು ಎತ್ತು, ಒಂದು ಹಸು, ಒಂದು ಕರು. ಕೊಟ್ಟಿಗೆಯ ಪಕ್ಕದಲ್ಲಿ ರಾಗಿ ಹುಲ್ಲಿನ ಮೆದೆ. ಮೊದಲ ಮಳೆ ಬಿದ್ದು ಹಸಿರು ಚಿಗುರುವವರೆಗೆ ನಾಲ್ಕು ಬಾಯಿಗೂ ಆ ಮೆದೆಯೇ ಗತಿ. ಎತ್ತು ಬಡವಾದರೆ ಮಳೆ ಬಂದಾಗ ನೇಗಿಲು ಎಳೆಯುವವರಿಲ್ಲ, ಆ ವರ್ಷದ ಬಿತ್ತನೆ ಇಲ್ಲ. ಅವಳ ಹವಾಮಾನ ವರದಿಯೂ ಅದೇ ಮೆದೆ. "ಮೆದೆ ನನ್ನ ಎದೆಗ್ ಬಂದ್ರ ಯುಗಾದಿ, ಸೊಂಟಕ್ ಬಂದ್ರ ಮಳೆ" ಎನ್ನುತ್ತಿದ್ದಳು. ಮೆದೆ ಆಗ ಅವಳ ನೆತ್ತಿಗಿಂತ ಎರಡು ಮೊಳ ಮೇಲಿತ್ತು.

ದಿನಾ ಮಧ್ಯಾಹ್ನ ನಮಗೆ ಮಜ್ಜಿಗೆ ತರುತ್ತಿದ್ದಳು. ಮಜ್ಜಿಗೆಗಿಂತ ಹುಳಿ ಅವಳ ಮಾತು.

"ಏನ್ಲಾ ಬಸಪ್ಪ, ಇವತ್ತೂ ಸುಡಾಕಿಲ್ವ?"

"ಸಾಯೇಬ್ರು ಬ್ಯಾಡ ಅಂದವ್ರ ಅಕ್ಕ. ಗಾಳಿ ಅದಂತ."

"ಗಾಳಿ ಇರಾದು ಅವ್ರ ಕಾಗ್ದದಲ್ಲ ಕಣ್ಲಾ, ಇಲ್ಲಿ. ನಿಂಗ್ ಮೂಗಿಲ್ವ?"

"ಮೂಗದ. ಮೇಸ್ತ್ರಿ ಕೆಲ್ಸ ಮೂಗ್ನಲ್ಲಿ ಮಾಡಾದಲ್ಲ, ವಾಕೀಲಿ ಮಾಡಾದು."

ಅವಳು ಹೋದ ಮೇಲೆ ನಾನು ಇಬ್ಬರ ದನಿಯನ್ನೂ ಮಾಡಿ ತೋರಿಸುತ್ತಿದ್ದೆ. ಅಣ್ಣತಮ್ಮಂದಿರು ಟವೆಲ್ ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಬಸಪ್ಪಣ್ಣ ಮಾತ್ರ ಕುಡುಗೋಲು ಮಸೆಯುತ್ತಾ ಕೂತಿರುತ್ತಿದ್ದ. ಒಂದು ದಿನ ತಲೆ ಎತ್ತದೆಯೇ ಹೇಳಿದ: "ನಿಂದು ಬರೀ ಗಿಣಿಪಾಠ ಕಣ್ಲಾ. ಜನನ ನಗ್ಸಬೌದು, ನಂಬ್ಸಕಾಗಕಿಲ್ಲ."

ಊರೆಲ್ಲ ಬೈದಾಗ ತಾಗದ ನನಗೆ ಅದು ತಾಗಿತು. ನಾಲ್ಕು ದಿನ ಬಂಡೆಯ ಮೇಲೆ ಕೂತು ಸಾಹೇಬರ ಗಂಟಲು ಕೆರೆಯುವುದನ್ನೇ ತಿದ್ದಿದೆ. ಪರೀಕ್ಷೆಗೆ ಅಷ್ಟು ಓದಿದ್ದರೆ ಇವತ್ತು ನಾನೇ ರೇಂಜರ್.

ಹನ್ನೊಂದನೇ ದಿನ ತಾಳವಾಡಿ ಸಂತೆ. ಗೌರಮ್ಮತ್ತೆ ಹುಣಸೆಹಣ್ಣಿನ ಮೂಟೆ ಹೊತ್ತು ಮೊದಲ ಬಸ್ಸಿಗೆ ಹೊರಟಿದ್ದಳು. ಬಂಡೆ ಹತ್ತುತ್ತಿದ್ದ ನನ್ನನ್ನು ಕಂಡು ಕೂಗಿದಳು: "ಲೇ ಗಿಣಿ, ಎತ್ಗೊಳ್ನ ಕೊಟ್ಗೇಲಿ ಕಟ್ಟಿವ್ನಿ. ಮೇಲ್ ಕೂತ್ಕಂಡ್ ಆಕಾಸ ನೋಡಾದ್ ಬುಟ್ಟು ಒಂದ್ ಕಣ್ ಇತ್ತಗೂ ಇಟ್ಟಿರ್ಲಾ."

"ಎಲ್ಡ್ ಕಣ್ಣೂ ಇಡ್ತಿನಿ ಅತ್ತೆ" ಎಂದೆ, ಅವಳದೇ ದನಿಯಲ್ಲಿ. ಅವಳು ಮಣ್ಣಿನ ಹೆಂಟೆ ಎತ್ತಿ ನನ್ನ ಕಡೆ ಬೀಸಿ ಹೋದಳು.

ಏಳು ಗಂಟೆ ಆಯಿತು. ವಾಕಿ ಮಾತಾಡಲಿಲ್ಲ. ಏಳೂ ಕಾಲು. ಸಾಹೇಬರು ಹಿಂದಿನ ದಿನ ಮೀಟಿಂಗಿಗೆ ಕೆಳಗೆ ಇಳಿದವರು ಇನ್ನೂ ಘಾಟಿ ಹತ್ತಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿದದ್ದು. ಬಂಡೆಯ ಮೇಲಿಂದ ನೋಡಿದರೆ ಲೈನಿನಲ್ಲಿ ಬಸಪ್ಪಣ್ಣ ವಾಕಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ, ನೀರು ಇದೆಯೋ ಇಲ್ಲವೋ ಎಂದು ತೆಂಗಿನಕಾಯಿ ನೋಡುವ ಹಾಗೆ. ಅಷ್ಟು ಸಾಕಾಯಿತು ನನಗೆ. ಗುಂಡಿ ಒತ್ತಿದೆ. ಎರಡು ಸಲ ಗಂಟಲು ಕೆರೆದೆ.

"ಎಲ್ಲಾರೂ ಕೇಳುಂಗೋ. ಬಿಸಿಲು ಜಾಸ್ತಿ. ಮಳೆ ಇಲ್ಲೆ. ಇವತ್ತು ಮಧ್ಯಾಹ್ನ ವರೆ ಕಾತ್ತು ಇಲ್ಲೆ. ಲೈನ್ ಸುಡಿ. ಸರಿಂಗಳಾ? ಓವರ್."

ಬಿಟ್ಟು ಕಾದೆ. "ಲೇ ಗಿಣಿ" ಎಂಬ ಬೈಗುಳ ಬರಬೇಕು, ನಾನು ನಗಬೇಕು, ಅಲ್ಲಿಗೆ ಆಟ ಮುಗಿಯಬೇಕು. ಬಂದದ್ದು ಬೇರೆ.

"ಸರಿ ಸಾರ್."

ಬಸಪ್ಪಣ್ಣ ಬೆನ್ನು ನೆಟ್ಟಗೆ ಮಾಡಿ ನಿಂತು ಹೇಳಿದ್ದು ನನಗೆ ಕಂಡಿತು. "ನಾನು ಕಣಣ್ಣ" ಎನ್ನಲು ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಅವನು ವಾಕಿಯ ಗುಂಡಿ ಬಿಡುವುದನ್ನು ಮರೆತು ಅಣ್ಣತಮ್ಮಂದಿರಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಸದ್ಯ ಕಣ್ರಲಾ. ಅಕ್ಕ ಸಂತೆಯಿಂದ ಬರಾಷ್ಟರಲ್ಲಿ ಮುಗ್ಸಿಬುಡನ. ಅವ್ಳ ಮೆದೆಗೂ ಬಯ ಇಲ್ಲ, ನನ್ನ ಕಿವಿಗೂ ಬಯ ಇಲ್ಲ." ಆ ದನಿಯಲ್ಲಿ ನಗು ಇತ್ತು. ಮೊದಲ ಸಲ ಕೇಳಿದ್ದೆ. ನನ್ನ ಬೆರಳು ಗುಂಡಿಯಿಂದ ಜಾರಿತು.

ಇನ್ನೊಂದು ಕಾರಣವೂ ಇತ್ತು, ಅದು ಮರ್ಯಾದೆಯದ್ದಲ್ಲ. ನಂಬಿಸಿಬಿಟ್ಟೆನಲ್ಲ ಎಂದು ಒಳಗೆ ಕುಣಿಯುತ್ತಿದ್ದೆ.

ಮತ್ತೆ ನೋಡಿದರೆ ಗಾಳಿ ನಿಜವಾಗಿಯೂ ಇರಲಿಲ್ಲ. ಬಂಡೆಯ ಸಂದಿನ ಒಣ ಹುಲ್ಲಿನ ಒಂದು ಎಳೆಯೂ ಅಲ್ಲಾಡುತ್ತಿರಲಿಲ್ಲ. ಕೆಳಗೆ ಹೊಗೆ ಎದ್ದಿತು, ನೀರು ಇಳಿದ ಹಾಗೆ ಕಣಿವೆಯ ಕಡೆಗೆ ಇಳಿಯಿತು. ಬೆಂಕಿ ಮೊಣಕಾಲಿನಷ್ಟು ಎತ್ತರಕ್ಕೆ ಮೆತ್ತಗೆ ತಿನ್ನುತ್ತಾ ಹೋಯಿತು. ಹಿಂದೆ ಕಪ್ಪು ಪಟ್ಟಿ ಬಿಡುತ್ತಾ ಮೂವರೂ ಹಸಿ ಸೊಪ್ಪಿನ ಕೊಂಬೆ ಹಿಡಿದು ಅದರ ಜೊತೆ ನಡೆಯುತ್ತಿದ್ದರು. ಎಂಟು ಗಂಟೆಗೆ ಲೈನಿನ ಕಾಲು ಭಾಗ ಆಗಿತ್ತು. ಅರ್ಧ ಆದರೆ ಹೇಳಿಬಿಡೋಣ ಎಂದುಕೊಂಡೆ. ಎಂಟೂವರೆಗೆ ಅರ್ಧ ಆಯಿತು. ಪೂರ್ತಿ ಆದ ಮೇಲೆ ಹೇಳಿದರೆ ಬೈಯುವುದೂ ಇಲ್ಲ, ನಗುತ್ತಾರೆ ಎಂದುಕೊಂಡೆ. ಅಷ್ಟು ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಬಿಸಿಲಿಗಲ್ಲ. ಬೆರಳು ಒದ್ದೆ ಮಾಡಿ ಮೇಲೆ ಹಿಡಿಯುವುದು, ಒಣಗುವವರೆಗೆ ಕಾಯುವುದು, ಮತ್ತೆ ಒದ್ದೆ ಮಾಡುವುದು. ಹವಾಮಾನ ಹೇಳುವುದು ಸುಲಭ. ಹೇಳಿದ ಮೇಲೆ ಅದು ಹಾಗೇ ಇರಲಿ ಎಂದು ಕೂತು ಕಾಯುವುದು ಇದೆಯಲ್ಲ, ಅದನ್ನು ನನ್ನ ವೈರಿಗೂ ಹೇಳಲಾರೆ.

ಒಂಬತ್ತಕ್ಕೆ ಸ್ವಲ್ಪ ಮುಂಚೆ ಕಣಿವೆಯಿಂದ ಒಂದು ಹದ್ದು ಮೇಲೆ ಬಂತು. ಸುತ್ತು ಹಾಕುತ್ತಾ ಬಂತು. ರೆಕ್ಕೆ ಬಡಿಯಲಿಲ್ಲ.

ವಾರದ ಹಿಂದೆ ಬಸಪ್ಪಣ್ಣ ಇದೇ ಬಂಡೆಯ ಮೇಲೆ ನಿಂತು ಹೇಳಿದ್ದ: "ಅದ್ದು ರೆಕ್ಕೆ ಬಡೀದೆ ಮೇಲಕ್ ಓಯ್ತು ಅಂದ್ರ ಕೆಳಗ್ಲ ಬಿಸಿ ಅದ್ನ ಎತ್ತದ ಅಂತ. ಅರ್ಧ ಗಂಟೇಲಿ ಗಾಳಿ ಇಲ್ಗ್ ಬತ್ತದ." ಆಗ ನಾನು ಕೈ ಎರಡೂ ಚಾಚಿಕೊಂಡು ಬಂಡೆಯ ಸುತ್ತ ಹದ್ದಿನ ಹಾಗೆ ತಿರುಗಿ ಅಣ್ಣತಮ್ಮಂದಿರನ್ನು ನಗಿಸಿದ್ದೆ.

ಈಗ ಹದ್ದು ಎರಡಾಯಿತು. ಕೆಳಗೆ ಹೊಗೆ ಇಳಿಯುವುದನ್ನು ನಿಲ್ಲಿಸಿ ಕಂಬದ ಹಾಗೆ ನೆಟ್ಟಗೆ ನಿಂತಿತು. ಆಮೇಲೆ ಕಂಬ ಬಾಗಿತು. ದಿಣ್ಣೆಯ ಕಡೆಗೆ.

ಲೈನು ಅಲ್ಲಿ ಒಂದು ಕಡೆ ತಿರುಗುತ್ತದೆ. ಮೂವರೂ ತಿರುವಿನ ಆ ಮಗ್ಗುಲಲ್ಲಿದ್ದರು, ಸುಟ್ಟು ಬಂದ ಭಾಗ ಇತ್ತ ಗೌರಮ್ಮತ್ತೆಯ ಮನೆಯ ಕೆಳಗಿತ್ತು. ಮುಗಿಯಿತು ಎಂದು ಬಿಟ್ಟುಬಂದ ಕಡೆ ಒಂದು ಬಿದಿರು ಮೆಳೆ ಇನ್ನೂ ಒಳಗೊಳಗೇ ಉರಿಯುತ್ತಿತ್ತು. ಗಾಳಿ ಅದನ್ನು ಊದಿತು. ಅವರಿಗೆ ಕಾಣುವಂತಿರಲಿಲ್ಲ. ಕಂಡದ್ದು ನನಗೊಬ್ಬನಿಗೆ.

"ಬಸಪ್ಪಣ್ಣ! ಗಾಳಿ ತಿರುಗ್ತು! ಹಿಂದ್ಕ್ ನೋಡಣ್ಣ, ಮೆಳೆ ಒತ್ಕಂಡದ!"

"ಲೇ ಗಿಣಿ, ಸುಮ್ಕಿರ್ಲಾ. ಕೆಲ್ಸದ್ ಒತ್ನಲ್ಲಿ ನಿನ್ನಾಟ ಬ್ಯಾಡ. ಮದ್ಯಾನದ್ಗಂಟ ಗಾಳಿ ಇಲ್ಲ ಅಂತ ಸಾಯೇಬ್ರು ಅಂದವ್ರ."

"ಸಾಯೇಬ್ರು ಅನ್ಲಿಲ್ಲ ಕಣಣ್ಣ! ಬೆಳಿಗ್ಗೆ ಮಾತಾಡ್ದವ ನಾನು!"

"ಊಂ ಕಣಪ್ಪ. ನಾಳೆ ಕಲೆಕ್ಟ್ರೂ ನೀನೇ. ವಾಕಿ ಕೆಳಗ್ ಇಡು."

"ದೇವ್ರಾಣೆ ಅಣ್ಣ! ಮಾದಪ್ಪನಾಣೆ!"

ಹಿಂದಿನಿಂದ ಅಣ್ಣತಮ್ಮಂದಿರಲ್ಲಿ ಒಬ್ಬ ಹೇಳಿದ್ದು ಕೇಳಿಸಿತು: "ಅಳಾ ದನೀನೂ ಎಷ್ಟು ಚೆಂದಾಗಿ ಮಾಡ್ತನ ನೋಡು."

ಮೆಳೆಯಿಂದ ಒಂದು ಉರಿಯುವ ಸಿಪ್ಪೆ ಎದ್ದು, ಎಂಟು ಹೆಜ್ಜೆಯ ಬರಿ ಮಣ್ಣನ್ನು ಒಂದೇ ನೆಗೆತಕ್ಕೆ ದಾಟಿ, ಬೇಲಿಯ ಲಂಟಾನಕ್ಕೆ ಬಿತ್ತು. ಬೇಲಿಯ ಆಚೆ ರಾಗಿ ಕೂಳೆಯ ಹೊಲ. ಹೊಲದ ಆಚೆ ಹಳದಿ ಮೆದೆ. ಮೆದೆಯ ಪಕ್ಕ ಕೊಟ್ಟಿಗೆ, ಅದರೊಳಗೆ ಗೂಟಕ್ಕೆ ಕಟ್ಟಿದ ನಾಲ್ಕು ಜೀವ. ಬಂಡೆಯಿಂದ ನಾನು ಇಳಿದು ಓಡಿದರೆ ಕಾಲು ಗಂಟೆ. ಲೈನಿನಿಂದ ಅವರು ಓಡಿದರೆ ಐದು ನಿಮಿಷ. ನನ್ನ ದನಿಯನ್ನು ನಂಬುವವರು ಇಡೀ ಬೆಟ್ಟದಲ್ಲಿ ಒಬ್ಬರೂ ಇರಲಿಲ್ಲ. ಇಪ್ಪತ್ತು ವರ್ಷ ಕಷ್ಟಪಟ್ಟು ಸಂಪಾದಿಸಿದ ಹೆಸರು.

ಗುಂಡಿ ಒತ್ತಿದೆ. ಗಂಟಲು ಕೆರೆಯಲೂ ಮರೆತೆ.

"ಬಸಪ್ಪಾ! ಲೈನ್ ಬಿಡು! ಗೌರಮ್ಮ ಮನೆ ಎತ್ತು ಬಿಚ್ಚು! ಎಲ್ಲಾರೂ ಓಡುಂಗೋ! ಇದು ಆರ್ಡರ್!"

"ಸರಿ ಸಾರ್!"

ಮೂವರೂ ಕೊಂಬೆ ಎಸೆದು ಓಡಿದರು. ನಾನೂ ಬಂಡೆಯಿಂದ ಜಾರಿದೆ. ಇಳಿದದ್ದು ಎಷ್ಟು ಕಾಲಿನಲ್ಲಿ, ಎಷ್ಟು ಅಂಡಿನಲ್ಲಿ ಎಂದು ಕೇಳಬೇಡಿ. ಚಡ್ಡಿ ಸಾಕ್ಷಿ ಹೇಳುವ ಸ್ಥಿತಿಯಲ್ಲಿ ಉಳಿಯಲಿಲ್ಲ.

ನಾನು ತಲುಪುವ ಹೊತ್ತಿಗೆ ಕೂಳೆ ಹೊಲ ಪೂರ್ತಿ ಹೊಗೆ. ಬಸಪ್ಪಣ್ಣ ಕುಡುಗೋಲಿನಿಂದ ಹಗ್ಗ ಕೊಯ್ದಿದ್ದ. ಹಸು, ಕರು ಹೊರಗೆ ಬಂದಿದ್ದವು. ಎತ್ತುಗಳು ಬರಲೊಲ್ಲವು. ಬೆಂಕಿ ಕಂಡ ಎತ್ತು ಗೂಟವನ್ನೇ ನಂಬುತ್ತದೆ. ಬಸಪ್ಪಣ್ಣ ತನ್ನ ಪಂಚೆ ಬಿಚ್ಚಿ ಒಂದರ ಕಣ್ಣಿಗೆ ಕಟ್ಟಿದ. ಇನ್ನೊಂದಕ್ಕೆ ನನ್ನ ಅಂಗಿ. ಎಳೆದು ಹೊರಗೆ ತಂದು ರಸ್ತೆಗೆ ಹಾಕಿದೆವು. ಹಿಂದೆ "ಬುಸ್" ಎಂದು ಒಂದು ಸದ್ದು. ಮೆದೆ ಒಂದೇ ಸಲ ಹತ್ತಿಕೊಂಡಿತು.

ಮನೆಗೆ ಹಂಚಿನ ಮಾಡು. ಅಕ್ಕಪಕ್ಕದವರು ನೀರು ಎರಚಿ, ಸೊಪ್ಪಿನಲ್ಲಿ ಬಡಿದು ಮನೆ, ಕೊಟ್ಟಿಗೆ ಉಳಿಸಿದರು. ಬೆಂಕಿ ರಸ್ತೆಗೆ ಬಂದು ನಿಂತು, ತಿನ್ನಲು ಏನೂ ಸಿಗದೆ ಕೂತಿತು. ಮೆದೆಯನ್ನು ಯಾರೂ ಮುಟ್ಟಲಾಗಲಿಲ್ಲ. ಮಧ್ಯಾಹ್ನದವರೆಗೂ ಉರಿಯಿತು.

ಗೌರಮ್ಮತ್ತೆ ಸಂತೆಯಿಂದ ಬಂದಾಗ ಅದು ಬೂದಿಯ ಗುಡ್ಡೆ. ಅವಳು ಖಾಲಿ ಚೀಲ ಹಿಡಿದುಕೊಂಡು ರಸ್ತೆಯಲ್ಲೇ ನಿಂತಳು. ಮೊದಲು ಎತ್ತುಗಳ ಹತ್ತಿರ ಹೋಗಿ ಮೈ ಸವರಿದಳು, ಒಂದರ ಕಣ್ಣಿನಿಂದ ನನ್ನ ಅಂಗಿ ಬಿಚ್ಚಿದಳು. ಆಮೇಲೆ ಬೂದಿಯ ಮುಂದೆ ಕೂತಳು. 

ಘಾಟಿಯಲ್ಲಿ ಲಾರಿಗಳ ಸಾಲಿಗೆ ಸಿಕ್ಕಿಕೊಂಡಿದ್ದ ಸಾಹೇಬರ ಜೀಪೂ ಆಗಲೇ ಬಂತು.

"ಯಾರು ಹೇಳಿದ್ದು ಸುಡಕ್ಕೆ?"

ಬಸಪ್ಪಣ್ಣ ಪಕ್ಕದ ಮನೆಯವರ ಟವೆಲ್ ಸುತ್ತಿಕೊಂಡು ನಿಂತಿದ್ದ. "ನೀವೇ ಸಾರ್. ಈ ಕಿವೀಲಿ ಕೇಳಿವ್ನಿ. ಎತ್ತು ಬಿಚ್ಚು ಅಂದವ್ರೂ ನೀವೇ. ನೀವ್ ಅನ್ನದೆ ಓಗಿದ್ರ ಎತ್ಗೊಳ್ ಇರ್ತಿರ್ಲಿಲ್ಲ."

"ಸಾರ್, ನಾನು" ಎಂದೆ. ಆ ದಿನ ನನ್ನ ಸ್ವಂತ ದನಿಯನ್ನು ಮೊದಲ ಸಲ ಯಾರೋ ನಂಬಿದರು. ಬಸಪ್ಪಣ್ಣ ನಂಬಿದ ಗುರುತು ಮೂರು ದಿನ ನನ್ನ ಎಡ ಕೆನ್ನೆಯ ಮೇಲಿತ್ತು.

ಸಾಹೇಬರು ಬೈಯುತ್ತಾರೆ ಎಂದುಕೊಂಡೆ. ಅವರು ಜೇಬಿನಿಂದ ಮಡಿಸಿದ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಆ ದಿನದ ವರದಿ. ಒಂಬತ್ತು ಗಂಟೆಗೇ ಗಾಳಿ ಎಂದು ಬರೆದಿತ್ತು. "ಘಾಟಿ ತಿರುವಲ್ಲಿ ಸಿಗ್ನಲ್ ಬಂತು. ನನ್ನ ವಾಕಿಯಲ್ಲಿ ನಾನೇ ಕೂಗ್ತಾ ಇದ್ದೀನಿ, ಎತ್ತು ಬಿಚ್ಚು ಅಂತ. ಬಾಯಿ ತೆಗೆದೆ, ಮತ್ತೆ ಮುಚ್ಚಿದೆ. ಇಬ್ಬರು ನಾನು ಮಾತಾಡಿದ್ರೆ ಇವರು ಒಬ್ಬನನ್ನೂ ನಂಬಲ್ಲ." ಕೈ ಚಾಚಿದರು. ನಾನು ವಾಕಿ ಕೊಟ್ಟೆ. "ನಾಳೆಯಿಂದ ಬರಬೇಡ" ಎಂದರು. ಎಷ್ಟು ಮೆತ್ತಗೆ ಹೇಳಿದರು ಎಂದರೆ ಇವತ್ತಿಗೂ ಆ ದನಿ ನನಗೆ ಮಾಡಲು ಬರುವುದಿಲ್ಲ.

ಗೌರಮ್ಮತ್ತೆ ಇಷ್ಟೆಲ್ಲ ಆಗುವಾಗ ತಿರುಗಿಯೂ ನೋಡಿರಲಿಲ್ಲ. ಜೀಪು ಹೋದ ಮೇಲೆ ಬೂದಿಯನ್ನೇ ನೋಡುತ್ತಾ ಕೇಳಿದಳು:

"ನಾಳ್ಕೆ ಬೆಳಿಗ್ಗೆ ಇವು ಏನ್ ತಿಂತವ?"

ಯಾರನ್ನು ಕೇಳಿದಳೋ ಗೊತ್ತಿಲ್ಲ. ಬಸಪ್ಪಣ್ಣನ ಮೆದೆಯೂ ಆ ವರ್ಷ ಚಿಕ್ಕದು. "ನಾನ್ ತತ್ತಿನಿ ಅತ್ತೆ" ಎಂದೆ. ಅದು ನಗುವ ವಿಷಯವಾಗಿದ್ದರೆ ಎಲ್ಲರೂ ನಗುತ್ತಿದ್ದರು.

ಮಾರನೇ ದಿನ ನಸುಕಿಗೆ ನಮ್ಮ ಮೆದೆಯಿಂದ ಒಂದು ಹೊರೆ ಹುಲ್ಲು ಹೊತ್ತು ದಿಣ್ಣೆ ಹತ್ತಿದೆ. ಅಪ್ಪ ಒಂದು ವಾರ ಸುಮ್ಮನಿದ್ದ, ಎಂಟನೇ ದಿನ ಮೆದೆಗೆ ಅಡ್ಡ ನಿಂತ. "ನಮ್ವೂ ದನವೇ ಕಣ್ಲಾ. ನಿನ್ ಬಾಯ್ಗೆ ಅವ್ಯಾಕ್ ಉಪಾಸ ಬೀಳ್ಬೇಕು?" ಅಪ್ಪನ ಮಾತು ಸರಿಯೇ. ಆಮೇಲೆ ಬೋರ್‌ವೆಲ್ ಇದ್ದವರ ಗದ್ದೆಗಳಿಗೆ ಹೋದೆ. ಕಬ್ಬು ಕಡಿಯುವ ಕಡೆ ದಿನವೆಲ್ಲ ಕೂಲಿ ಇಲ್ಲದೆ ಕಡಿದು, ಕೂಲಿಯ ಬದಲು ಸೋಗೆ ಹೊತ್ತು ತಂದೆ. ಕಬ್ಬು ಮುಗಿದ ಮೇಲೆ ಬಾಳೆ ದಿಂಡು. ಗೊನೆ ಕಡಿದ ತೋಟಗಳಲ್ಲಿ ನಿಂತು ಬೇಡಿದೆ. ಮೊದಮೊದಲು ಜನ "ಸಾಯೇಬ್ರ ದನಿ ಮಾಡ್ಲಾ, ಎಲ್ಡ್ ದಿಂಡು ಜಾಸ್ತಿ ಕೊಡ್ತಿನಿ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಕಡಿಯುತ್ತಿದ್ದೆ. ಗಿಣಿಗೆ ಏನೋ ಆಗಿದೆ, ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಎಂದು ಅಮ್ಮನಿಗೆ ಹೇಳಿದವರೂ ಉಂಟು.

ಗೌರಮ್ಮತ್ತೆ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ದಿನಾ ಬೆಳಿಗ್ಗೆ ಹೊರೆ ಇಳಿಸಿದ ಕೂಡಲೇ ಒಂದೇ ಪ್ರಶ್ನೆ: "ಏನ್ ಸಾಯೇಬ್ರೇ, ಇವತ್ತು ಕಾತ್ತು ಎಂಗದ?"

"ಗೊತ್ತಿಲ್ಲ ಅತ್ತೆ."

ಎರಡನೇ ವಾರದಿಂದ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ದಾರಿಯಲ್ಲಿ ಬರುತ್ತಾ ನೋಡತೊಡಗಿದೆ. ಒಲೆಗಳ ಹೊಗೆ ಯಾವ ಕಡೆ ಬಾಗಿದೆ, ಹದ್ದು ಎಷ್ಟು ಹೊತ್ತಿಗೆ ಏಳುತ್ತದೆ, ಇರುವೆ ಮೊಟ್ಟೆ ಹೊತ್ತಿದೆಯೋ ಇಲ್ಲವೋ. "ಒಂಬತ್ತೂವರೆಗೆ ತಿರುಗ್ತದ ಅತ್ತೆ" ಎನ್ನುತ್ತಿದ್ದೆ. ಅವಳು "ಊಂ" ಎನ್ನುತ್ತಿದ್ದಳು. ಸರಿಯಾದರೂ ಊಂ, ತಪ್ಪಾದರೂ ಊಂ.

ಯುಗಾದಿ ಹೋಯಿತು. ಮಳೆ ಇಲ್ಲ. ಎತ್ತುಗಳ ಪಕ್ಕೆಲುಬು ಒಂದೊಂದಾಗಿ ಹೊರಗೆ ಬಂದವು. ನಾನು ದಿನಾ ಎಣಿಸುತ್ತಿದ್ದೆ. ಒಂದು ಮಧ್ಯಾಹ್ನ ಬಸಪ್ಪಣ್ಣ ಬಂದು, "ಒಂದ್ ಎತ್ನಾರೂ ಕೊಟ್ಬುಡಕ್ಕ, ಇನ್ನೊಂದಾರೂ ಉಳೀತದ" ಎಂದ. ಅವಳು, "ಒಂಟೆತ್ನಲ್ಲಿ ನೇಗ್ಲು ಕಟ್ಟಾದು ನಿನ್ ಸಾಯೇಬ್ರು ವಾಕೀಲಿ ಏಳ್ಕೊಟ್ಟವ್ರ?" ಎಂದಳು. ಅವನು ಎದ್ದು ಹೋದ. ಅಳೆಯಲು ಮೆದೆ ಇರಲಿಲ್ಲವಲ್ಲ, ಈಗ ಅವಳು ನನ್ನನ್ನೇ ಅಳೆಯತೊಡಗಿದಳು. "ನಿನ್ ಕತ್ತು ಬುಜದೊಳಕ್ ಓಗದ ಕಣ್ಲಾ. ಇನ್ನು ನಾಕ್ ಬೆರ್ಳು ಓದ್ರ ಮಳೆ ಬತ್ತದ."

ಭರಣಿ ನಕ್ಷತ್ರದಲ್ಲಿ ಮಳೆ ಬಂತು. ಆ ಬೆಳಿಗ್ಗೆ ಹದ್ದುಗಳು ಏಳಲೇ ಇಲ್ಲ. ಒಲೆಯ ಹೊಗೆ ನೆಲದ ಮೇಲೇ ಹರಿದಾಡುತ್ತಿತ್ತು. ನಾನು ದಿಂಡು ಇಳಿಸಿ, ಅವಳು ಕೇಳುವ ಮೊದಲೇ "ಸಂಜೆಗೆ ಮಳೆ ಅತ್ತೆ" ಎಂದೆ. ಅಷ್ಟರಲ್ಲಿ ಬಸಪ್ಪಣ್ಣ ಬೇಲಿಯ ಆಚೆಯಿಂದ ಕೂಗಿದ: "ಅಕ್ಕ, ಸಂಜೆ ಮಳೆ ಅಂತ ಸಾಯೇಬ್ರು ಅಂದವ್ರ! ನಿಜವಾದ್ ಸಾಯೇಬ್ರೇ, ನಾನು ಎಲ್ಡ್ ಸಲ ಯೆಸ್ರು ಕೇಳ್ದಿ!" ಗೌರಮ್ಮತ್ತೆ ನನ್ನ ಕಡೆ ನೋಡಿ "ಊಂ" ಎಂದಳು. ಈ ಊಂ ಸ್ವಲ್ಪ ಉದ್ದ ಇತ್ತು.

ಸಂಜೆ ಕರ್ನಾಟಕದ ಕಡೆಯಿಂದ ಮೋಡ ಕಪ್ಪಾಗಿ ಬಂದು ಒಂದು ಗಂಟೆ ಹೊಡೆಯಿತು. ಬೂದಿಯ ಗುಡ್ಡೆ ಕರಗಿ ಹೊಲಕ್ಕೆ ಹರಿಯಿತು. ಹನ್ನೆರಡು ದಿನ ಕಳೆದು ಎರಡನೇ ಮಳೆಯೂ ಆಗಿ, ಸುಟ್ಟ ಕಡೆಯೇ ಮೊದಲು ಹುಲ್ಲು ಚಿಗುರಿತು, ಗಿಣಿ ಹಸಿರು. ಆ ಬೆಳಿಗ್ಗೆ ನಾನು ಕೊನೆಯ ಹೊರೆ ಹೊತ್ತು ಹೋದಾಗ ಗೌರಮ್ಮತ್ತೆ ಹಸುವಿನ ಪಕ್ಕ ಕೂತು ಹಾಲು ಕರೆಯುತ್ತಿದ್ದಳು. ಎತ್ತುಗಳಿಗೆ ಬಸಪ್ಪಣ್ಣ ನೊಗ ಕಟ್ಟುತ್ತಿದ್ದ. ಅವು ಬಡವಾಗಿದ್ದವು, ಆದರೆ ನಿಂತಿದ್ದವು.

ಹೊರೆ ಇಳಿಸಿದೆ. ಗಂಟಲು ಕೆರೆಯಿತು. ತಡೆಯಲಾಗಲಿಲ್ಲ. ಎರಡು ತಿಂಗಳ ಉಪವಾಸ ಮುರಿದು ಸಾಹೇಬರ ದನಿಯಲ್ಲಿ ಕೇಳಿದೆ: "ಗೌರಮ್ಮಾ, ಕೋಪ ಹೋಯ್ತಾ? ಕೇಸು ಮುಗೀತಾ? ಸರಿಂಗಳಾ? ಓವರ್."

ಬಸಪ್ಪಣ್ಣನ ಕೈ ನೊಗದ ಮೇಲೆ ನಿಂತಿತು. ಚೊಂಬಿಗೆ ಹಾಲು ಬೀಳುವ ಸದ್ದು ಮಾತ್ರ ನಿಲ್ಲಲಿಲ್ಲ. ಗೌರಮ್ಮತ್ತೆ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡೇ ಹೇಳಿದಳು:

"ಉಪಾಸ ಬಿದ್ದದ್ದು ಎತ್ಗೊಳು ಕಣ್ಲಾ, ಅವ್ಗಳ್ನ ಕೇಳು. ನಿನ್ ದನೀಲೇ ಕೇಳು, ಅವ್ಕೆ ಸಾಯೇಬ್ರ ಪರಿಚಯ ಇಲ್ಲ."